ಡ್ರಮ್ಮಿನ ಪೀಠಕ್ಕೆ ವಯಸ್ಸಿನ ಹಂಗಿಲ್ಲ

ರಾಕ್ ದಿಗ್ಗಜರ ನಡುವೆ ಹದಿನಾರರ ಹುಡುಗನೊಬ್ಬ, ಹನ್ನೆರಡರ ಹುಡುಗಿಯೊಬ್ಬಳು ಕುಳಿತು ಬಾರಿಸಿದ ಆ ರಾತ್ರಿಗೆ ಅರ್ಧ ಶತಮಾನದ ಹಿನ್ನೆಲೆಯಿದೆ

2022ರ ಸೆಪ್ಟೆಂಬರ್ 3, ಶನಿವಾರ. ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಸೇರಿದ್ದ ಜನ ಸುಮಾರು ಆರು ಗಂಟೆ ಕಾಲ ಹಾಡು ಕೇಳಿದರು. ವೇದಿಕೆಗೆ ಬಂದವರು ಒಬ್ಬರಿಗಿಂತ ಒಬ್ಬರು ಮಿಗಿಲು. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ, ಕ್ವೀನ್‌ನ ಬ್ರಯಾನ್ ಮೇ ಮತ್ತು ರೋಜರ್ ಟೇಲರ್, ಲೆಡ್ ಜೆಪ್ಪೆಲಿನ್‌ನ ಜಾನ್ ಪಾಲ್ ಜೋನ್ಸ್, ರಶ್‌ನ ಗೆಡಿ ಲೀ ಮತ್ತು ಅಲೆಕ್ಸ್ ಲೈಫ್‌ಸನ್, ಎಸಿ/ಡಿಸಿಯ ಬ್ರಯಾನ್ ಜಾನ್ಸನ್, ಮೆಟಾಲಿಕಾದ ಲಾರ್ಸ್ ಉಲ್ರಿಕ್, ಪೊಲೀಸ್ ಬ್ಯಾಂಡಿನ ಸ್ಟೂವರ್ಟ್ ಕೋಪ್‌ಲ್ಯಾಂಡ್. ಇವರೆಲ್ಲ ಬಂದದ್ದು ಒಬ್ಬ ಡ್ರಮ್ಮರ್‌ನ ನೆನಪಿಗೆ. ಫೂ ಫೈಟರ್ಸ್ ಬ್ಯಾಂಡಿನ ಟೇಲರ್ ಹಾಕಿನ್ಸ್ ಅದೇ ವರ್ಷ ಮಾರ್ಚ್ 25ರಂದು ಕೊಲಂಬಿಯಾದ ಬೊಗೊಟಾದಲ್ಲಿ, ಪ್ರವಾಸದ ನಡುವೆಯೇ ತೀರಿಕೊಂಡಿದ್ದರು. ಆಗ ಅವರಿಗೆ ಐವತ್ತು ವರ್ಷ.

ಕಾರ್ಯಕ್ರಮದ ಕೊನೆಯ ಭಾಗ ಫೂ ಫೈಟರ್ಸ್‌ನದು. ಗಾಯಕರಿದ್ದರು, ಗಿಟಾರಿನವರಿದ್ದರು, ಡ್ರಮ್ಮಿನ ಹಿಂದಿನ ಪೀಠ ಮಾತ್ರ ಖಾಲಿ. ಒಬ್ಬರೇ ಅದನ್ನು ತುಂಬುವುದು ಬೇಡವೆಂದು ಹಾಡಿಗೊಬ್ಬರೋ ಎರಡು ಹಾಡಿಗೊಬ್ಬರೋ ಬಂದು ಕುಳಿತರು. ಮೊದಲು ಜಾಶ್ ಫ್ರೀಸ್, ಆಮೇಲೆ ಟ್ರಾವಿಸ್ ಬಾರ್ಕರ್. ಮೊದಲ ಹಾಡಿನಲ್ಲೇ ಬ್ಯಾಂಡಿನ ನಾಯಕ ಡೇವ್ ಗ್ರೋಲ್ ಗಂಟಲು ಕಟ್ಟಿ ನಿಂತುಬಿಟ್ಟರು. ಮೂರನೆಯವಳಾಗಿ ಬಂದು ‘ಲರ್ನ್ ಟು ಫ್ಲೈ’ ಬಾರಿಸಿದವಳು ಹನ್ನೆರಡು ವರ್ಷದ ನಂದಿ ಬುಶೆಲ್. ಅವಳ ನಂತರ ರೋಜರ್ ಟೇಲರ್ ಅವರ ಮಗ ರೂಫಸ್, ಬಳಿಕ ಒಮರ್ ಹಕೀಮ್. ಕಟ್ಟಕಡೆಯ ಡ್ರಮ್ಮರ್ ಶೇನ್ ಹಾಕಿನ್ಸ್. ವಯಸ್ಸು ಹದಿನಾರು, ತೀರಿಹೋದ ಟೇಲರ್ ಹಾಕಿನ್ಸ್ ಅವರ ಮಗ.

ಶೇನ್ ಬಾರಿಸಿದ್ದು ‘ಮೈ ಹೀರೋ’. 1997ರ ‘ದ ಕಲರ್ ಆ್ಯಂಡ್ ದ ಶೇಪ್’ ಆಲ್ಬಮ್ಮಿನ ಈ ಹಾಡು ಶುರುವಾಗುವುದೇ ಡ್ರಮ್ಮಿನಿಂದ. ಗಿಟಾರು ಬರುವವರೆಗೆ ಬಾರಿಸುವವನಿಗೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಇಡೀ ಕ್ರೀಡಾಂಗಣ ಅವನೊಬ್ಬನನ್ನೇ ಕೇಳುತ್ತಿರುತ್ತದೆ. ಇವನಷ್ಟು ಬಿರುಸಾಗಿ ಹೊಡೆಯುವವರನ್ನು ತಾನು ನೋಡಿಲ್ಲ, ಅದಕ್ಕಿಂತ ಹೆಚ್ಚಾಗಿ ಇವನು ನಮ್ಮ ಮನೆಯ ಹುಡುಗ ಎಂಬರ್ಥದಲ್ಲಿ ಗ್ರೋಲ್ ಅವನನ್ನು ಪರಿಚಯಿಸಿದರು. ಹುಡುಗ ಕೂದಲು ಮುಖಕ್ಕೆ ಬಡಿಯುವಂತೆ, ತೋಳು ತಲೆಯ ಮೇಲಕ್ಕೆತ್ತಿ, ಒಂದೊಂದು ಏಟನ್ನೂ ಇದೇ ಕೊನೆಯದೆಂಬಂತೆ ಹಾಕಿದ. ಆ ದೃಶ್ಯ ಲೋಕವೆಲ್ಲ ಹಬ್ಬಿತು. ನೋಡಿದವರು ಅತ್ತರು.

ಅಳು ಸಹಜವೇ. ಆದರೆ ಅಪ್ಪನನ್ನು ಕಳೆದುಕೊಂಡ ಮಗನ ಕಥೆಯಾಗಿ ಮಾತ್ರ ಇದನ್ನು ನೋಡಿದರೆ ಅರ್ಧ ಮಾತ್ರ ಕಂಡಂತೆ. ಕಿರಿಯರಿಗೆ ಪೀಠ ಬಿಟ್ಟುಕೊಡುವ ರೂಢಿ ರಾಕ್ ಸಂಗೀತಕ್ಕೆ ಹಳೆಯದು. ಆ ರೂಢಿಯ ಬುಡದಲ್ಲಿರುವವನು ಅಭಿಮಾನಿ.

ಅಭಿಮಾನಿಯೇ ಮುಂದೆ ವಾದಕ

ಟೇಲರ್ ಹಾಕಿನ್ಸ್ ಅವರನ್ನೇ ನೋಡಿ. ಹುಟ್ಟಿದ್ದು ಟೆಕ್ಸಸ್‌ನ ಫೋರ್ಟ್‌ವರ್ತ್‌ನಲ್ಲಿ, ಬೆಳೆದದ್ದು ಕ್ಯಾಲಿಫೋರ್ನಿಯಾದ ಸಮುದ್ರ ತೀರದ ಲಗೂನಾ ಬೀಚ್‌ನಲ್ಲಿ. 1982ರಲ್ಲಿ, ಹತ್ತನೇ ವಯಸ್ಸಿನಲ್ಲಿ, ಕ್ವೀನ್ ಬ್ಯಾಂಡಿನ ಕಛೇರಿ ಕೇಳಿ ಬಂದ ಹುಡುಗನಿಗೆ ರೋಜರ್ ಟೇಲರ್ ದೇವರಾದರು. ಮುಂದೆ ಅಲಾನಿಸ್ ಮಾರಿಸೆಟ್ ಅವರ ತಂಡಕ್ಕೆ ಡ್ರಮ್ ಬಾರಿಸಿ, 1997ರಲ್ಲಿ ಫೂ ಫೈಟರ್ಸ್ ಸೇರಿ, ದೊಡ್ಡ ದೊಡ್ಡ ಕ್ರೀಡಾಂಗಣಗಳನ್ನು ತುಂಬಿಸಿದ ಮೇಲೂ ಆ ಹುಡುಗ ಅವರೊಳಗಿಂದ ಹೊರಟುಹೋಗಲಿಲ್ಲ. ಬಿಡುವಿದ್ದಾಗ ‘ಚೆವಿ ಮೆಟಲ್’ ಎಂಬ ಪುಟ್ಟ ಬ್ಯಾಂಡ್ ಕಟ್ಟಿಕೊಂಡು ಎಪ್ಪತ್ತರ ದಶಕದ ಹಾಡುಗಳನ್ನು ಬಾರಿಸುತ್ತಿದ್ದರು. 2013ರಲ್ಲಿ ರಶ್ ಬ್ಯಾಂಡಿಗೆ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದಾಗ ಅವರನ್ನು ಸಭೆಗೆ ಪರಿಚಯಿಸಿದವರು ಗ್ರೋಲ್ ಮತ್ತು ಹಾಕಿನ್ಸ್. ಹಳೆಯ ರಶ್ ಸದಸ್ಯರಂತೆ ಉದ್ದನೆಯ ಬಿಳಿ ಅಂಗಿ, ನಕಲಿ ಕೂದಲು ತೊಟ್ಟು ಅವರದೇ ಸಂಗೀತವನ್ನು ಅವರ ಮುಂದೆಯೇ ನುಡಿಸಿದರು.

ಹೀಗಾಗಿ ವೆಂಬ್ಲಿಗೆ ಬಂದ ಹಿರಿಯರಲ್ಲಿ ಹೆಚ್ಚಿನವರು ಹಾಕಿನ್ಸ್ ಬಾಲ್ಯದಲ್ಲಿ ಆರಾಧಿಸಿದವರು, ಬೆಳೆದ ಮೇಲೆ ಗೆಳೆಯರಾದವರು. ರಶ್‌ನ ಡ್ರಮ್ಮರ್ ನೀಲ್ ಪೀರ್ಟ್ 2020ರ ಜನವರಿಯಲ್ಲಿ ತೀರಿಕೊಂಡಿದ್ದರು. ಉಳಿದಿಬ್ಬರು ಆ ರಾತ್ರಿ ನಿಂತಾಗ ಪೀರ್ಟ್ ಜಾಗದಲ್ಲಿ ಕುಳಿತು ‘2112’ರ ಆರಂಭ ಭಾಗ ಬಾರಿಸಿದವರು ಗ್ರೋಲ್. ಐವತ್ಮೂರರ ಗ್ರೋಲ್ ಅಲ್ಲಿ ಅಭಿಮಾನಿ, ಒಂದೆರಡು ಗಂಟೆಯ ನಂತರ ಅದೇ ವೇದಿಕೆಯಲ್ಲಿ ಹಿರಿಯ.

ಗ್ರೋಲ್ ಕೂಡ ಇದೇ ದಾರಿಯಲ್ಲಿ ಬಂದವರು. ವರ್ಜೀನಿಯಾದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಶಾಲಾ ಶಿಕ್ಷಕಿಯ ಮಗ. ಡ್ರಮ್ ಇರಲಿಲ್ಲ, ದಿಂಬುಗಳ ಮೇಲೆ ಬಡಿದು ಕಲಿತರು. ಹದಿನೇಳಕ್ಕೆ ಓದು ಬಿಟ್ಟು, ತಾನು ಮೆಚ್ಚಿಕೊಂಡಿದ್ದ ‘ಸ್ಕ್ರೀಮ್’ ಎಂಬ ಪಂಕ್ ಬ್ಯಾಂಡಿಗೇ ಡ್ರಮ್ಮರ್ ಆದರು. ಆ ಬ್ಯಾಂಡಿನೊಂದಿಗೆ ಟೊರೊಂಟೊದ ಕ್ಲಬ್ಬೊಂದಕ್ಕೆ ಹೋಗಿದ್ದಾಗ, ಅಲ್ಲಿ ತಮ್ಮ ಹೊಸ ಆಲ್ಬಮ್ಮಿನ ಕಾರ್ಯಕ್ರಮವಿಟ್ಟುಕೊಂಡಿದ್ದ ಇಗ್ಗಿ ಪಾಪ್ ಅವರಿಗೆ ಡ್ರಮ್ಮರ್ ಬೇಕಾಯಿತು. ಎದುರಿಗೆ ಸಿಕ್ಕ ಹುಡುಗನನ್ನೇ ಕರೆದು ಕೂರಿಸಿಕೊಂಡರು. ಪಂಕ್ ಸಂಗೀತದ ಪಿತಾಮಹರ ಜೊತೆ ಬಾರಿಸಿದ ಆ ಒಂದು ರಾತ್ರಿಯನ್ನು ಗ್ರೋಲ್ 2021ರಲ್ಲಿ ಬರೆದ ಆತ್ಮಕಥನದಲ್ಲಿ ಹಿಗ್ಗಿನಿಂದ ನೆನೆಯುತ್ತಾರೆ. ಆಮೇಲೆ ನಿರ್ವಾಣ, 1991ರ ‘ನೆವರ್‌ಮೈಂಡ್’, 1994ರಲ್ಲಿ ಕರ್ಟ್ ಕೊಬೇನ್ ಸಾವು, ಮರುವರ್ಷ ಫೂ ಫೈಟರ್ಸ್‌ನ ಮೊದಲ ಆಲ್ಬಮ್. ಹುಡುಗನಾಗಿದ್ದಾಗ ತನಗೆ ಸಿಕ್ಕಿದ್ದ ಅವಕಾಶವನ್ನು ಈ ಮನುಷ್ಯ ಮರೆತಂತಿಲ್ಲ.

ಇಪ್ಸ್‌ವಿಚ್ ಹುಡುಗಿಯ ಸವಾಲು

ನಂದಿ ಬುಶೆಲ್ ಕಥೆಗೆ ರಕ್ತಸಂಬಂಧದ ಬಲವಿಲ್ಲ. ಹೆಸರು ಕೇಳಿ ನಮ್ಮ ಕಡೆಯವಳು ಅಂದುಕೊಳ್ಳಬೇಡಿ, ಅದು ಜುಲು ಜನರ ಹೆಸರು. 2010ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಹುಟ್ಟಿದ ಅವಳು ಬೆಳೆದದ್ದು ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದಲ್ಲಿ. ಐದು ವರ್ಷದವಳಿದ್ದಾಗ ಬೀಟಲ್ಸ್‌ನ ‘ಹೇ ಜೂಡ್’ ವಿಡಿಯೊದಲ್ಲಿ ರಿಂಗೋ ಸ್ಟಾರ್ ಬಾರಿಸುವುದನ್ನು ನೋಡಿದಳು. ತನಗೂ ಅದು ಬೇಕು ಅಂದಳು. ಮನೆಯವರು ಅವಳ ವಾದನವನ್ನು ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕತೊಡಗಿದರು. 2019ರ ಕೊನೆಯಲ್ಲಿ ನಿರ್ವಾಣದ ‘ಇನ್ ಬ್ಲೂಮ್’ ಹಾಡಿಗೆ ಅವಳು ಕಿರುಚುತ್ತ, ಕುಣಿಯುತ್ತ ಬಾರಿಸಿದ ವಿಡಿಯೊ ಲಕ್ಷಾಂತರ ಜನರನ್ನು ಮುಟ್ಟಿತು.

ಮರುವರ್ಷ ಕೋವಿಡ್. ಕಛೇರಿಗಳೆಲ್ಲ ನಿಂತು ಗಾಯಕರು ಮನೆಯಲ್ಲಿ ಕುಳಿತಿದ್ದ ಕಾಲ. 2020ರ ಆಗಸ್ಟ್‌ನಲ್ಲಿ ಹತ್ತು ವರ್ಷದ ನಂದಿ ಫೂ ಫೈಟರ್ಸ್‌ನ ‘ಎವರ್‌ಲಾಂಗ್’ ಬಾರಿಸಿ, ಡ್ರಮ್ ಜುಗಲ್‌ಬಂದಿಗೆ ಬನ್ನಿ ಎಂದು ಗ್ರೋಲ್ ಅವರಿಗೆ ಸವಾಲು ಹಾಕಿದಳು. ಆ ಹಾಡಿನ ಆಯ್ಕೆಯೇ ದಿಟ್ಟತನ. ನಿಮಿಷಕ್ಕೆ ಸುಮಾರು 158 ಬಡಿತದ ಓಟ. ಹೈಹ್ಯಾಟ್ ತಟ್ಟೆಗಳ ಮೇಲೆ ಕೋಲುಗಳು ಬಿಡುವಿಲ್ಲದೆ ಓಡಬೇಕು, ಬಲಗಾಲು ಬೇಸ್ ಡ್ರಮ್ ಒದೆಯುತ್ತಿರಬೇಕು, ಪಲ್ಲವಿಗೆ ಬಂದಾಗ ಏಟಿನ ಬಲ ಒಮ್ಮೆಲೇ ಏರಬೇಕು. ನಾಲ್ಕು ನಿಮಿಷ ದಾಟುವ ಹೊತ್ತಿಗೆ ದೊಡ್ಡವರ ಮಣಿಕಟ್ಟೂ ಸೋಲುತ್ತದೆ.

ಗ್ರೋಲ್ ಅದನ್ನು ಮಕ್ಕಳಾಟವೆಂದು ಬದಿಗಿಡಲಿಲ್ಲ. ತಮ್ಮ ಮಗಳ ಡ್ರಮ್ ಸೆಟ್ಟಿನ ಹಿಂದೆ ಕುಳಿತು ಅದೇ ಹಾಡು ಬಾರಿಸಿ ಉತ್ತರಿಸಿದರು. 1997ರಲ್ಲಿ ಧ್ವನಿಮುದ್ರಣ ಮಾಡಿದ ದಿನದಿಂದೀಚೆಗೆ ಇದನ್ನು ತಾನು ಡ್ರಮ್ಮಿನಲ್ಲಿ ಮುಟ್ಟಿಯೇ ಇಲ್ಲ ಎಂದೂ ಒಪ್ಪಿಕೊಂಡರು. ಜೊತೆಗೆ ‘ದೆಮ್ ಕ್ರೂಕೆಡ್ ವಲ್ಚರ್ಸ್’ ಬ್ಯಾಂಡಿನ ‘ಡೆಡ್ ಎಂಡ್ ಫ್ರೆಂಡ್ಸ್’ ಎಂಬ ಹಾಡಿನ ಮರುಸವಾಲು. ನಂದಿ ಅದನ್ನೂ ಬಾರಿಸಿ ಕಳಿಸಿದಳು. ಗ್ರೋಲ್ ಸೋಲೊಪ್ಪಿದರು. ಸೋತ ಮೇಲೆ ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ ಅವಳ ಹೆಸರಿನಲ್ಲೊಂದು ಹಾಡು ಕಟ್ಟಿದರು. ಅವಳು ಪ್ರತಿಯಾಗಿ ‘ರಾಕ್ ಆ್ಯಂಡ್ ಗ್ರೋಲ್’ ಎಂಬ ಹಾಡು ಬರೆದಳು.

ಪರದೆಯ ಮೇಲಿನ ಈ ಆಟ ವೇದಿಕೆಗೆ ಏರಿದ್ದು 2021ರ ಆಗಸ್ಟ್ 26ರಂದು, ಲಾಸ್ ಏಂಜಲಿಸ್ ಬಳಿಯ ಇಂಗಲ್‌ವುಡ್‌ನ ‘ದ ಫೋರಮ್’ ಸಭಾಂಗಣದಲ್ಲಿ. ಸೋಂಕಿನ ಕಾರಣಕ್ಕೆ ಜುಲೈನಿಂದ ಮುಂದೂಡಿದ್ದ ಕಛೇರಿ ಅದು. ತುಂಬಿದ ಸಭೆಯ ಮುಂದೆ, ಕೊನೆಯ ಹಾಡಾಗಿ, ಹನ್ನೊಂದರ ನಂದಿ ಇಡೀ ಫೂ ಫೈಟರ್ಸ್ ಜೊತೆ ‘ಎವರ್‌ಲಾಂಗ್’ ಬಾರಿಸಿದಳು. ಆ ಹಾಡು ಆ ಬ್ಯಾಂಡಿಗೆ ಏನೆಂಬುದು ಅಭಿಮಾನಿಗಳಿಗೆ ಗೊತ್ತು. ಜನ ರಾತ್ರಿಯಿಡೀ ಕಾಯುವುದು ಅದಕ್ಕೇ. ನಡುವೆ ಎಲ್ಲೋ ಹಗುರವಾದೊಂದು ಹಾಡಿಗೆ ಮಗುವನ್ನು ಕರೆದು, ಚಪ್ಪಾಳೆ ಹೊಡೆಸಿ, ಕೆನ್ನೆ ತಟ್ಟಿ ಕಳಿಸಬಹುದಿತ್ತು. ಹಾಗಾಗಲಿಲ್ಲ. ಕಛೇರಿಯ ಭಾರವನ್ನೇ ಅವಳ ಕೈಗೆ ಕೊಟ್ಟರು.

ಮಗುವನ್ನು ಮುದ್ದಿಸುವುದೇ ಬೇರೆ, ಸಮಾನ ಸಂಗೀತಗಾರಳೆಂದು ನಡೆಸಿಕೊಳ್ಳುವುದೇ ಬೇರೆ. ಗ್ರೋಲ್ ಎರಡನೆಯದನ್ನು ಮಾಡಿದರು. ಒಂದು ವರ್ಷದ ಬಳಿಕ ವೆಂಬ್ಲಿಯಲ್ಲಿ ಬಾರ್ಕರ್ ಬಿಟ್ಟ ಜಾಗಕ್ಕೆ ನಂದಿ ಬಂದು ಕುಳಿತಾಗ ಅವಳು ಯಾರೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕಟಕಟೆ ಹಾರಿ ಬಂದವರು

ಈ ಪದ್ಧತಿಯ ಅತ್ಯಂತ ವಿಚಿತ್ರ ಪ್ರಸಂಗ ನಡೆದದ್ದು 1973ರ ನವೆಂಬರ್ 20ರಂದು, ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಕೌ ಪ್ಯಾಲೇಸ್‌ನಲ್ಲಿ. ‘ದ ಹೂ’ ಬ್ಯಾಂಡಿನ ಕಛೇರಿ. ಅಮಲೇರಿದ್ದ ಡ್ರಮ್ಮರ್ ಕೀತ್ ಮೂನ್ ನಡುವೆಯೇ ಕುಸಿದುಬಿದ್ದರು. ಎಬ್ಬಿಸಿ ತಂದು ಕೂರಿಸಿದರು, ಮತ್ತೆ ಬಿದ್ದರು. ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಸಭೆಯತ್ತ ತಿರುಗಿ, ಚೆನ್ನಾಗಿ ಡ್ರಮ್ ಬಾರಿಸಬಲ್ಲವರು ಯಾರಾದರೂ ಇದ್ದೀರಾ ಎಂದು ಕೇಳಿದರು.

ಹತ್ತೊಂಬತ್ತರ ಸ್ಕಾಟ್ ಹಾಲ್ಪಿನ್ ಅಲ್ಲಿದ್ದ. ಅಯೋವಾದಿಂದ ಬಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ್ದವನು, ಬ್ಲ್ಯಾಕಿನಲ್ಲಿ ಟಿಕೆಟ್ ಕೊಂಡು ಒಳಗೆ ಬಂದಿದ್ದ. ಡ್ರಮ್ ಮುಟ್ಟಿ ಬಹಳ ದಿನವಾಗಿತ್ತು. ಜೊತೆಗಿದ್ದ ಗೆಳೆಯ ಇವನೇ ಇವನೇ ಎಂದು ಕೂಗಿ ಮುಂದೆ ತಳ್ಳಿದ. ಕಾರ್ಯಕ್ರಮದ ಸಂಘಟಕ ಬಿಲ್ ಗ್ರಹಾಂ ಕೈಹಿಡಿದು ವೇದಿಕೆಗೆ ಎಳೆದುಕೊಂಡರು. ಹಾಲ್ಪಿನ್ ಮೂರು ಹಾಡು ಬಾರಿಸಿ ಕಛೇರಿ ಮುಗಿಸಿಕೊಟ್ಟ. ‘ರೋಲಿಂಗ್ ಸ್ಟೋನ್’ ಪತ್ರಿಕೆ ಆ ವರ್ಷದ ತುರ್ತು ವಾದಕನೆಂದು ಅವನಿಗೊಂದು ತಮಾಷೆಯ ಬಿರುದು ಕೊಟ್ಟಿತು. ಅವನು ತಾರೆಯಾಗಲಿಲ್ಲ. ಚಿತ್ರ, ಸಂಗೀತ ಎಂದುಕೊಂಡು ತನ್ನ ಪಾಡಿಗೆ ಬದುಕಿ 2008ರಲ್ಲಿ ತೀರಿಕೊಂಡ. ಆದರೆ ಆ ಮೂರು ಹಾಡು ರಾಕ್ ಅಭಿಮಾನಿಗಳ ಪಾಲಿಗೆ ಪುರಾಣವಾಯಿತು. ವೇದಿಕೆಗೂ ಸಭೆಗೂ ನಡುವೆ ಇರುವುದು ಒಂದು ಕಟಕಟೆ ಮಾತ್ರ, ಅದನ್ನು ಹಾರಬಹುದು ಎಂಬುದಕ್ಕೆ ಅವರು ಇಂದಿಗೂ ಹಾಲ್ಪಿನ್ ಹೆಸರನ್ನೇ ಹೇಳುತ್ತಾರೆ.

ಇಟಲಿಯ ಚೆಜೆನಾ ಎಂಬ ಊರಿನವರು ಆ ಕಟಕಟೆಯನ್ನು ಮುರಿದೇ ಹಾಕಿದರು. ಫೂ ಫೈಟರ್ಸ್ ನಮ್ಮೂರಿಗೆ ಬರಬೇಕು ಎಂದು ಫಾಬಿಯೊ ಜಫಾನ್ಯೀನಿ ಎಂಬ ಅಭಿಮಾನಿ ಪಟ್ಟು ಹಿಡಿದ. 2015ರ ಜುಲೈನಲ್ಲಿ ಊರಿನ ಉದ್ಯಾನವೊಂದರಲ್ಲಿ ಸಾವಿರ ಮಂದಿ ವಾದಕರು, ಗಾಯಕರು ಸೇರಿದರು. 350 ಗಿಟಾರು, 150 ಬೇಸ್, 250 ಡ್ರಮ್, 250 ಕಂಠ. ಎಲ್ಲರೂ ಒಟ್ಟಿಗೆ ‘ಲರ್ನ್ ಟು ಫ್ಲೈ’ ನುಡಿಸಿದರು. ಬಾರಿಸಿದವರಲ್ಲಿ ಹದಿಹರೆಯದವರಿದ್ದರು, ತಲೆ ನರೆತವರಿದ್ದರು. ವಿಡಿಯೊ ನೋಡಿದ ಗ್ರೋಲ್ ಇಟಾಲಿಯನ್ ಭಾಷೆಯಲ್ಲೇ ತೊದಲುತ್ತ ಉತ್ತರ ಕಳಿಸಿದರು. ಅದೇ ನವೆಂಬರ್‌ನಲ್ಲಿ ಬ್ಯಾಂಡ್ ಚೆಜೆನಾಕ್ಕೆ ಬಂದು ಹಾಡಿತು. ಏಳು ವರ್ಷದ ಬಳಿಕ ವೆಂಬ್ಲಿಯಲ್ಲಿ ನಂದಿ ಪಾಲಿಗೆ ಬಂದದ್ದೂ ಇದೇ ಹಾಡು.

ಹೆಸರಿನ ಬಾಗಿಲು, ಕೈಯ ಬಲ

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವೂ ಹೌದು. ವೆಂಬ್ಲಿಯಲ್ಲಿ ಕಂಡ ಕಿರಿಯರಲ್ಲಿ ದೊಡ್ಡವರ ಮಕ್ಕಳೇ ಹೆಚ್ಚು. ಶೇನ್ ಹಾಕಿನ್ಸ್, ರೂಫಸ್ ಟೇಲರ್, ಅಪ್ಪ ಎಡ್ಡಿಯ ಗಿಟಾರ್ ತುಣುಕುಗಳನ್ನು ನುಡಿಸಿದ ವುಲ್ಫ್‌ಗ್ಯಾಂಗ್ ವ್ಯಾನ್ ಹೇಲನ್, ಜೆಫ್ ಬಕ್ಲಿಯ ಹಾಡುಗಳನ್ನು ಹಾಡಿದ ಹದಿನಾರರ ವಯಲೆಟ್ ಗ್ರೋಲ್. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್ ನುಡಿಸಿದಾಗಲೂ ಅವರಿಗಿಂತ ಮೊದಲು ಹಾಡಿದವರಲ್ಲಿ ಒಬ್ಬಳು ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಅವರ ಮಗಳು ಲಾರೆನ್. ನಮ್ಮ ಚಿತ್ರರಂಗದಲ್ಲಿ ನಾವು ದಿನಬೆಳಗಾದರೆ ಆಡಿಕೊಳ್ಳುವ ವಂಶದ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಹೆಸರು ಬಾಗಿಲು ತೆರೆಯುತ್ತದೆ, ನಿಜ. ಆದರೆ ಡ್ರಮ್ ನಿರ್ದಯ ವಾದ್ಯ. ತಾಳ ಒಂದು ಕ್ಷಣ ಜಾರಿದರೆ ಗಾಯಕ, ಗಿಟಾರು, ಬೇಸ್ ಎಲ್ಲವೂ ಜಾರುತ್ತವೆ. ಅದನ್ನು ಸಾವಿರಾರು ಜನ ಆಗಿಂದಾಗಲೇ ಕೇಳಿಸಿಕೊಳ್ಳುತ್ತಾರೆ. ಶೇನ್ ಅದಕ್ಕೆ ತಯಾರಾಗಿಯೇ ಬಂದಿದ್ದ. ಎರಡು ತಿಂಗಳ ಹಿಂದೆ, ಜುಲೈ 4ರ ಅಮೆರಿಕ ಸ್ವಾತಂತ್ರ್ಯ ದಿನದಂದು, ತನ್ನೂರು ಲಗೂನಾ ಬೀಚ್‌ನ ಬೀದಿ ಕೂಟದಲ್ಲಿ ‘ದ ಅಲೈವ್’ ಎಂಬ ಸ್ಥಳೀಯ ಹುಡುಗರ ಬ್ಯಾಂಡಿನೊಂದಿಗೆ ಇದೇ ಹಾಡು ಬಾರಿಸಿದ್ದ. ಅಲ್ಲಿ ಕೇಳಿದವರು ನೆರೆಹೊರೆಯವರು. ವೆಂಬ್ಲಿಯ ನಂತರ ಅದೇ ತಿಂಗಳ 27ರಂದು ಲಾಸ್ ಏಂಜಲಿಸ್‌ನ ಎರಡನೇ ಸ್ಮರಣ ಕಛೇರಿಯಲ್ಲೂ, ಮರುವರ್ಷ ಮೇ ತಿಂಗಳಲ್ಲಿ ಬಾಸ್ಟನ್‌ನ ಉತ್ಸವದಲ್ಲೂ ಫೂ ಫೈಟರ್ಸ್ ಜೊತೆ ಕುಳಿತ.

ಇನ್ನೊಂದು ಆತಂಕ ಮಕ್ಕಳದೇ. ಹತ್ತು ವರ್ಷಕ್ಕೆ ಲೋಕದ ಕಣ್ಣೆಲ್ಲ ನೆಟ್ಟರೆ ಹದಿನೆಂಟಕ್ಕೆ ಏನು ಉಳಿದೀತು? ಬಾಲಪ್ರತಿಭೆ ಎಂಬ ಹಣೆಪಟ್ಟಿ ಎಷ್ಟೋ ಮಕ್ಕಳ ಬಾಲ್ಯವನ್ನೂ ಪ್ರತಿಭೆಯನ್ನೂ ನುಂಗಿದ್ದುಂಟು. ನಂದಿ ವಿಷಯದಲ್ಲಿ ಒಂದು ಒಳ್ಳೆಯ ಲಕ್ಷಣವಿದೆ. ಅವಳು ಬೇಗನೇ ಇತರರ ಹಾಡು ಬಾರಿಸುವುದರಿಂದಾಚೆಗೆ ನಡೆದಳು. 2021ರಲ್ಲಿ ಗಿಟಾರ್ ವಾದಕ ಟಾಮ್ ಮೊರೆಲೊ ಅವರ ಮಗ ರೋಮನ್ ಜೊತೆ ಸೇರಿ ಹವಾಮಾನದ ಬಿಕ್ಕಟ್ಟಿನ ಬಗ್ಗೆ ‘ದ ಚಿಲ್ಡ್ರನ್ ವಿಲ್ ರೈಸ್ ಅಪ್’ ಎಂಬ ಸ್ವಂತ ಹಾಡು ಮಾಡಿದಳು. ಹಿರಿಯರ ಪಕ್ಕ ಕುಳಿತದ್ದಕ್ಕೆ ನಿಜವಾದ ಫಲ ಇದು. ಚಪ್ಪಾಳೆ ನಾಲ್ಕು ದಿನಕ್ಕೆ ಆರುತ್ತದೆ. ತನ್ನದೊಂದು ಮಾತು ಹೇಳಬಹುದೆಂಬ ಧೈರ್ಯ ಉಳಿಯುತ್ತದೆ.

ನಮ್ಮ ವೇದಿಕೆಗಳಿಗೆ ಒಂದು ಮಾತು

ಗುರುವಿನ ನೆನಪಿಗೆ ಶಿಷ್ಯರು ಉತ್ಸವ ನಡೆಸುವ ಸಂಪ್ರದಾಯ ಕನ್ನಡಿಗರಿಗೆ ಹೊಸದಲ್ಲ. ಕುಂದಗೋಳದ ಸವಾಯಿ ಗಂಧರ್ವರ ಹೆಸರಿನಲ್ಲಿ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವ ಇವತ್ತಿಗೂ ನಡೆಯುತ್ತಿದೆ. ಅಂಥ ಉತ್ಸವಗಳಲ್ಲಿ ಒಂದು ಕ್ರಮವಿರುತ್ತದೆ. ಕಿರಿಯರು ಮೊದಲು, ಹಿರಿಯರು ಕೊನೆಗೆ. ಆ ಮರ್ಯಾದೆಗೆ ಅರ್ಥವಿದೆ, ಅದನ್ನು ಕಿತ್ತುಹಾಕಬೇಕಾಗಿಲ್ಲ.

ಆದರೆ ಆ ಕ್ರಮದ ಒಂದು ಅಡ್ಡಪರಿಣಾಮ ನಮ್ಮೂರ ಸಭೆಗಳಲ್ಲಿ ಕಾಣುತ್ತದೆ. ‘ಯುವ ಪ್ರತಿಭೆ’ ಎಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗುವ ಹುಡುಗ ಹುಡುಗಿಯರು ಹಾಡುವುದು ಮಧ್ಯಾಹ್ನದ ಖಾಲಿ ಕುರ್ಚಿಗಳಿಗೆ. ಮೈಕಿನವನು ಅವರ ಹಾಡಿನ ನಡುವೆಯೇ ಹಿರಿಯರ ಕಛೇರಿಗೆ ತಂತಿ ಜೋಡಿಸುತ್ತಿರುತ್ತಾನೆ. ರಸಿಕರು ಬರುವ ಹೊತ್ತಿಗೆ ಮಕ್ಕಳು ಹಾರ ಹಾಕಿಸಿಕೊಂಡು ಮನೆ ಸೇರಿರುತ್ತಾರೆ. ಗಿಟಾರು, ಡ್ರಮ್ ಹಿಡಿದ ಹುಡುಗರ ಸ್ಥಿತಿ ಇನ್ನೂ ಕಷ್ಟ. ಬೆಂಗಳೂರಿನಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2011ರಲ್ಲಿ ಮೆಟಾಲಿಕಾ ಬಂದಾಗ ಜನ ಮುಗಿಬಿದ್ದು ಕೇಳಿದ್ದಾರೆ. ಆ ಜನಸಂದಣಿಯಲ್ಲಿ ನಿಂತಿದ್ದ ಎಷ್ಟು ಮಂದಿ ಹುಡುಗರಿಗೆ ಆಮೇಲೆ ದೊಡ್ಡ ವೇದಿಕೆಯೊಂದು ಸಿಕ್ಕಿತು?

ವೆಂಬ್ಲಿಯ ಆ ರಾತ್ರಿ ಸಂಗ್ರಹವಾದ ಹಣ ಸಂಗೀತಗಾರರಿಗೆ ನೆರವಾಗುವ ‘ಮ್ಯೂಸಿಕ್ ಸಪೋರ್ಟ್’ ಮತ್ತು ‘ಮ್ಯೂಸಿಕೇರ್ಸ್’ ಸಂಸ್ಥೆಗಳಿಗೆ ಹೋಯಿತು. ಹಣ ಕೊಡುವುದು ದೊಡ್ಡ ಕೆಲಸ. ಜಾಗ ಕೊಡುವುದು ಅದಕ್ಕಿಂತ ಕಷ್ಟದ ಕೆಲಸ, ಯಾಕೆಂದರೆ ಅದಕ್ಕೆ ತಾನು ಸ್ವಲ್ಪ ಸರಿದು ಕೂರಬೇಕಾಗುತ್ತದೆ. ಆದ್ದರಿಂದ ನಮ್ಮ ಸಂಘಟಕರಿಗೆ, ಸಭೆಗಳಿಗೆ, ಹೆಸರಾಂತ ಕಲಾವಿದರಿಗೆ ಒಂದು ವಿನಂತಿ. ಮುಂದಿನ ಉತ್ಸವದಲ್ಲಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮಧ್ಯಾಹ್ನದ ಪಟ್ಟಿಯಿಂದ ತೆಗೆದು ಸಂಜೆಯ ಮುಖ್ಯ ಕಛೇರಿಯ ನಡುವೆ ಕೂರಿಸಿಕೊಳ್ಳಿ. ಹಗುರವಾದ ತುಣುಕು ಬೇಡ, ಸಭೆ ಕಾಯುತ್ತಿರುವ ಹಾಡನ್ನೇ ಕೊಡಿ. ತಪ್ಪಿದರೆ ಎತ್ತಿ ಹಿಡಿಯಲು ನೀವು ಪಕ್ಕದಲ್ಲೇ ಇರುತ್ತೀರಿ.